ಬ್ರಹ್ಮಪುರದ ಗಾಜಿನ ಕಪಾಟು

ಕಮಲಾಪುರ
೧೫ ಸೆಪ್ಟೆಂಬರ್ ೧೯೮೬

ಶ್ರೀ ಜಯತೀರ್ಥ ಅವರಿಗೆ ನಮಸ್ಕಾರಗಳು.

ನಾನು ಕಮಲಾಪುರದ ಪ್ರಾಥಮಿಕ ಶಾಲೆಯ ಮಾಸ್ತರ, ಸೂರ್ಯಕಾಂತ. ಹೆಸರು ಹೇಳಿದರೆ ಗುರುತು ಹತ್ತಲಿಕ್ಕಿಲ್ಲ. ನಿನ್ನೆ ಬುರ್ಹಾನುದ್ದೀನ್ ಸಾಹೇಬರ ಹಳೆಯ ಸಾಮಾನಿನ ಅಂಗಡಿಯಲ್ಲಿ ಎರಡು ಕೋಡಿನ ಕೆಂಪು ಗೊಂಬೆಯ ಮೇಲೆ ನಿಮ್ಮ ಕೈ ಬಿದ್ದಾಗಲೇ ಇನ್ನೊಂದು ಕೈಯೂ ಬಿದ್ದಿತ್ತಲ್ಲ, ಅದು ನನ್ನದು. "ನೀವ ತೊಗೊಳ್ರೀ" ಎಂದು ನಾನಂದೆ. "ಛೇ, ನೀವ ತೊಗೊಳ್ರೀ" ಎಂದು ನೀವಂದಿರಿ. ಕೊನೆಗೆ ಒಯ್ದವರು ನೀವು. ಬಸ್ಸಿನಲ್ಲಿ ಊರು ಮುಟ್ಟುವ ತನಕ ನನ್ನ ದೊಡ್ಡತನದ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ನೀವು ಹೋದ ಮೇಲೆ ಸಾಹೇಬರು ನಕ್ಕರು. "ಮಾಸ್ತರ್ ಸಾಬ್, ಸೌದಿಯಿಂದ ಬಂದವ್ರ ಮನಿ ಹುಡುಗ್ರು ದೊಡ್ಡವ್ರಾದ್ರ ಈ ಸಾಮಾನ ನನ್ನ ಹತ್ರ ಬರ್ತದ. ಇಡೀ ಶಹರದಾಗ ಇದಕ್ಕ ಗಿರಾಕಿ ಇಬ್ಬರೇ. ನೀವು, ಮತ್ತ ಆ ಬ್ರಹ್ಮಪುರದವ್ರು" ಎಂದರು. ನಿಮ್ಮ ವಿಳಾಸ ಕೊಟ್ಟವರೂ ಅವರೇ.

ಜಪಾನಿನ ಈ ಆಟಿಕೆ ಆಳುಗಳನ್ನು ನಾನು ಕೆಲವು ವರ್ಷಗಳಿಂದ ಕೂಡಿಸುತ್ತಿದ್ದೇನೆ. ಮೊದಲನೆಯದನ್ನು ತಂದದ್ದು ತರಗತಿಯ ಮಕ್ಕಳಿಗೆ ತೋರಿಸಲು. ಆಮೇಲೆ ಅದನ್ನು ಯಾರಿಗೂ ಕೊಡುವ ಮನಸ್ಸಾಗಲಿಲ್ಲ. ನಿಮ್ಮಲ್ಲಿ ಏನೇನಿವೆ ಎಂದು ಬರೆದರೆ ಉಪಕಾರವಾದೀತು. ಕೇಳಲು ಈ ಊರಿನಲ್ಲಿ ಬೇರೆ ಯಾರೂ ಇಲ್ಲ.

ತಮ್ಮ,
ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೨ ಅಕ್ಟೋಬರ್ ೧೯೮೬

ಸೂರ್ಯಕಾಂತ ಅವರಿಗೆ,

ನಿಮ್ಮ ಕಾಗದವನ್ನು ಕಚೇರಿಗೂ ಒಯ್ದು ಓದಿದೆ. ಫೈಲಿನ ನಡುವೆ ಇಟ್ಟುಕೊಂಡು ನಗುತ್ತಿದ್ದುದನ್ನು ಕಂಡು ಸೂಪರಿಂಟೆಂಡೆಂಟರು ಮದುವೆ ಗೊತ್ತಾಯಿತೇನು ಎಂದು ಕೇಳಿದರು.

ಮನೆಯಲ್ಲಿ ನಾನು ಮತ್ತು ನಮ್ಮ ತಾಯಿ ಅನಸೂಯಾಬಾಯಿ, ಇಬ್ಬರೇ. ನಡುಮನೆಯಲ್ಲಿ ತಂದೆಯವರು ಮಾಡಿಸಿದ ಗೋಡೆ ಕಪಾಟು ಇದೆ, ಗಾಜಿನ ಬಾಗಿಲಿನದು. ಮೇಲಿನ ಹಲಗೆಯಲ್ಲಿ ಕಬ್ಬಿಣದ ಮೈಯವರು. ಗುಂಡಿ ಒತ್ತಿದರೆ ಮುಷ್ಟಿ ಹಾರಿಸುವವನೊಬ್ಬ, ಹೊಟ್ಟೆ ತೆರೆದರೆ ವಿಮಾನ ಹೊರಡುವವನೊಬ್ಬ. ಕೆಳಗೆ ಮೆತ್ತನೆಯ ರಬ್ಬರಿನ ರಾಕ್ಷಸರು. ಕಾಲಡಿಯ ಜಪಾನಿ ಅಕ್ಷರ ನನಗೆ ಓದಲು ಬರುವುದಿಲ್ಲ. ಹೆಸರು ನಾನೇ ಇಟ್ಟಿದ್ದೇನೆ. ಹೊಟ್ಟೆಯಲ್ಲಿ ವಿಮಾನವಿದ್ದವನ ಹೆಸರು ನಂದೂರ ಶೆಟ್ಟಿ. ನಂದೂರಿನ ದಾಲ್ ಮಿಲ್ಲಿನ ಮಾಲೀಕರೊಬ್ಬರ ನಡಿಗೆ ಹಾಗೆಯೇ ಇದೆ.

ಕೆಂಪಣ್ಣನನ್ನು ನಾನು ಕಸಿದುಕೊಂಡದ್ದು ತಪ್ಪಾಯಿತು. ಬಂದಾಗ ಭೇಟಿಯಾಗಿ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯೋಣ.

ಜಯತೀರ್ಥ


ಕಮಲಾಪುರ
೧೦ ಜುಲೈ ೧೯೮೭

ಗೆಳೆಯ ಜಯತೀರ್ಥ,

ಈ ಮಳೆಗೆ ನಮ್ಮ ತಗಡು ಹಿಡಿಯುವುದಿಲ್ಲ. ನಿನ್ನೆ ಗೊಂಬೆಗಳ ಟ್ರಂಕಿನೊಳಗೂ ನೀರು ಹೋಗಿತ್ತು. ಹಲ್ಲಿಮೋರೆಯ ರಾಕ್ಷಸನ ಕಾಲ್ಬೆರಳನ್ನು ಇಲಿ ತಿಂದಿದೆ. ನನ್ನ ಹೆಂಡತಿ ಪುತಳಾ, "ಇದ್ದ ಒಂದು ಕೋಲಿಯೊಳಗ ನಾವು ಮಲಗೋದೋ, ಇವು ಮಲಗೋದೋ ಹೇಳ್ರಿ" ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ.

ನೀನು ಮೊನ್ನೆ ಚಹಾದ ಹೋಟೆಲಿನಲ್ಲಿ ಹೇಳಿದ್ದನ್ನು ಯೋಚಿಸಿದೆ. ನನ್ನವನ್ನೂ ನಿನ್ನ ಕಪಾಟಿಗೆ ಕಳಿಸುತ್ತೇನೆ. ಇಬ್ಬರದೂ ಸೇರಿ ಒಂದೇ ಸಂಗ್ರಹವಾಗಲಿ. ಬುರ್ಹಾನುದ್ದೀನ್ ಸಾಹೇಬರ ಅಂಗಡಿಯಲ್ಲಿ ಡಬ್ಬ ಇಟ್ಟಿರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಬೌದ್ಧರು. ನಮ್ಮ ಅಜ್ಜನ ಕಾಲದಲ್ಲಿ ಊರವರು ನಮ್ಮನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ನೀನು ಇದುವರೆಗೂ ಕೇಳಿಲ್ಲ, ಅದು ನಿನ್ನ ಒಳ್ಳೆಯತನ. ಆದರೆ ನಿಮ್ಮ ಮನೆಯೊಳಗೆ ನನ್ನ ಸಾಮಾನು ಬರುತ್ತದೆ. ತಾಯಿಯವರಿಗೆ ಗೊತ್ತಿರಲಿ.

ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೨ ಆಗಸ್ಟ್ ೧೯೮೭

ಸೂರ್ಯಾ,

ಅದನ್ನೆಲ್ಲ ಯಾಕೆ ಬರೆಯುತ್ತೀಯ? ಗೊಂಬೆಗಳಿಗೆ ಜಾತಿ ಇದೆಯೇ?

ಡಬ್ಬ ಬಂತು. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿ ನಡುವಿನ ಹಲಗೆ ಪೂರ್ತಿ ನಿನ್ನವಕ್ಕೆ ಬಿಟ್ಟಿದ್ದೇನೆ. ಕಾಲ್ಬೆರಳಿಲ್ಲದ ರಾಕ್ಷಸನನ್ನು ಸ್ವಲ್ಪ ಹಿಂದಕ್ಕೆ, ಬೆಳ್ಳಿ ಮುಖದ ಸವಾರನ ನೆರಳಿಗೆ ನಿಲ್ಲಿಸಿದ್ದೇನೆ. ಯಾರಿಗೂ ತಿಳಿಯುವುದಿಲ್ಲ. ಸಂಜೆ ಹಿತ್ತಲಿನ ಬಾಗಿಲಿನಿಂದ ಬಿಸಿಲು ಬಂದಾಗ ನಿನ್ನ ಹಲಗೆಗೇ ಮೊದಲು ಬೀಳುತ್ತದೆ. ತಾಯಿ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಯಾರವು ಎಂದು ಕೇಳಿದಳು. ಗೆಳೆಯನವು ಎಂದೆ.

ಪಂಚಮಿಯ ಉಂಡಿ ಕೊಟ್ಟಿದ್ದಾಳೆ, ಶೇಂಗಾದವು ಮತ್ತು ಎಳ್ಳಿನವು. ಸಾಹೇಬರ ಅಂಗಡಿಯಲ್ಲಿ ಇಟ್ಟಿದ್ದೇನೆ, ತಗೊ.

ಜಯತೀರ್ಥ


ಕಮಲಾಪುರ
೨೦ ಆಗಸ್ಟ್ ೧೯೮೭

ಗೆಳೆಯ,

ಉಂಡಿ ಒಂದೇ ದಿನದಲ್ಲಿ ಮುಗಿದವು. ಪುತಳಾ ಎರಡು ಸಲ ಕೇಳಿದಳು, "ಖರೇನ ಅವರ ತಾಯಿನ ಕೊಟ್ಟಾರೇನ್ರೀ?" ಎಂದು. ಹೌದು ಎಂದೆ. ನೀನೇ ಪೇಟೆಯಲ್ಲಿ ಕೊಂಡು ತಾಯಿಯ ಹೆಸರು ಹೇಳಿರಬಹುದು ಎಂದು ನನಗೆ ಒಳಗೊಳಗೇ ಅನುಮಾನ. ಹಾಗಿದ್ದರೂ ಸಂತೋಷವೇ.

ನೀನು ಬರೆದದ್ದನ್ನು ಓದಿ ಓದಿ ಕಪಾಟು ಕಣ್ಣಿಗೆ ಕಟ್ಟಿದೆ. ಇನ್ನು ನೋಡಲೇಬೇಕು. ಬರುವ ತಿಂಗಳ ಒಂದು ಭಾನುವಾರ ಬರಲೇ? ಹೆಚ್ಚು ಹೊತ್ತು ಕೂಡುವುದಿಲ್ಲ.

ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೩೦ ಆಗಸ್ಟ್ ೧೯೮೭

ಸೂರ್ಯಾ,

ಬೇಸರ ಮಾಡಿಕೊಳ್ಳಬೇಡ. ತಾಯಿಯದು ಹಳೆಯ ಕಾಲದ ಮಡಿ. ನನಗೆ ಒಪ್ಪಿಗೆಯಿಲ್ಲ, ಆದರೆ ಈ ವಯಸ್ಸಿನಲ್ಲಿ ಅವಳನ್ನು ತಿದ್ದಲಾದೀತೆ? ಸ್ವಲ್ಪ ದಿನ ಹೋಗಲಿ, ನಾನೇ ಹದ ನೋಡಿ ಹೇಳುತ್ತೇನೆ. ಅದಕ್ಕೆ ಮೊದಲು ನಾನೇ ಕಮಲಾಪುರಕ್ಕೆ ಬರುತ್ತೇನೆ. ನಿಮ್ಮೂರ ಕೆಂಪು ಬಾಳೆಹಣ್ಣಿನ ಬಗ್ಗೆ ನಿನ್ನ ಬಡಾಯಿ ಎಷ್ಟು ನಿಜ ಎಂದು ನೋಡಬೇಕು.

ಜಯತೀರ್ಥ


ಬ್ರಹ್ಮಪುರ, ಕಲಬುರ್ಗಿ
೨೨ ಫೆಬ್ರುವರಿ ೧೯೮೮

ಸೂರ್ಯಾ,

ನಿನ್ನೆ ನಿಮ್ಮ ಮನೆಯಲ್ಲಿ ಕಳೆದ ಹೊತ್ತು ಮರೆಯಲಾರೆ. ತಂಗಿ ಪುತಳಾಬಾಯಿ ಅಷ್ಟೆಲ್ಲ ಅಡುಗೆ ಮಾಡಿದ್ದಳು. ಏಕಾದಶಿಯ ದಿನವೇ ಬರಬೇಕೆ ನಾನು! ನೀರೂ ಮುಟ್ಟದೆ ಎದ್ದು ಬಂದದ್ದಕ್ಕೆ ನನಗೇ ಕಸಿವಿಸಿಯಾಯಿತು. ಅವಳಿಗೆ ಹೇಳು, ಇನ್ನೊಮ್ಮೆ ಬಂದು ಹೊಟ್ಟೆ ತುಂಬ ಉಣ್ಣುತ್ತೇನೆ.

ಜಯತೀರ್ಥ


ಕಮಲಾಪುರ
೯ ಮಾರ್ಚ್ ೧೯೮೮

ಗೆಳೆಯ,

ಏನೂ ಬೇಸರವಿಲ್ಲ. ಅಡುಗೆಯನ್ನು ಓಣಿಯ ಮಕ್ಕಳು ಉಂಡರು. ಪರೀಕ್ಷೆಯ ಕೆಲಸ ಬಹಳ ಇದೆ. ಮುಂದೆ ಬರೆಯುತ್ತೇನೆ.

ಸೂರ್ಯಕಾಂತ


ಕಮಲಾಪುರ
೪ ಅಕ್ಟೋಬರ್ ೧೯೯೩

ಜಯತೀರ್ಥ,

ಕ್ಷೇಮವೇ? ಭೂಕಂಪದ ದಿನ ನಾವೆಲ್ಲ ಬಯಲಿಗೆ ಓಡಿ ಬಂದೆವು. ಲಾತೂರಿನ ಕಡೆಯ ಸುದ್ದಿ ಕೇಳಿ ಅನ್ನ ಇಳಿಯುತ್ತಿಲ್ಲ. ಬಯಲಿನಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ಕಪಾಟು. ನಿಮ್ಮ ತಾಯಿ ಆಮೇಲೆ ನೆನಪಾದರು. ಮನುಷ್ಯ ಹೀಗೂ ಆಗುತ್ತಾನಲ್ಲ ಎಂದು ನಾಚಿಕೆಯಾಯಿತು.

ಬಹಳ ವರ್ಷಗಳಿಂದ ನಮ್ಮ ಕಾಗದಗಳು ಕಡಿಮೆಯಾಗಿವೆ. ಸಿಕ್ಕದ್ದನ್ನು ಸಾಹೇಬರ ಅಂಗಡಿಯಲ್ಲಿ ಬಿಟ್ಟು ಬರುತ್ತೇನೆ, ನೀನು ಒಯ್ಯುತ್ತೀ. ಅಷ್ಟೇ ನಡೆದಿದೆ. ಗೊಂಬೆಗಳು ಬಿದ್ದಿದ್ದರೆ ನಿಲ್ಲಿಸಲು ಎರಡು ಕೈ ಹೆಚ್ಚಿದ್ದರೆ ಅನುಕೂಲ. ಬರಲೇ? ತಾಯಿಯವರು ಒಳಗೆ ಇರುವ ಹೊತ್ತು ನೋಡಿ ಬಂದು ಹೋಗುತ್ತೇನೆ.

ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೧೩ ಅಕ್ಟೋಬರ್ ೧೯೯೩

ಸೂರ್ಯಾ,

ನಾವು ಸುಖವಾಗಿದ್ದೇವೆ. ಕಪಾಟಿನ ಒಂದು ಗಾಜು ಸೀಳಿದೆ. ಎಲ್ಲವೂ ಬೋರಲು ಬಿದ್ದಿದ್ದವು, ನಾನೇ ಎತ್ತಿ ನಿಲ್ಲಿಸಿದೆ. ನೀನು ಬರುವ ಶ್ರಮ ಬೇಡ. ಗೋಡೆ ಬಿರುಕು ಬಿಟ್ಟು ಮನೆ ರಿಪೇರಿಗೆ ಬಂದಿದೆ, ತಾಯಿಯ ಮೊಣಕಾಲೂ ಸರಿಯಿಲ್ಲ. ಕಚೇರಿಯಲ್ಲಿ ಬಡ್ತಿ ಈ ಸಲವೂ ತಪ್ಪಿತು. ಎಲ್ಲ ಸೇರಿ ಸಾಕಾಗಿದೆ ಮಾರಾಯ. ಒಂದು ಫೋಟೋ ತೆಗೆಸಿ ಕಳಿಸಿದ್ದೇನೆ. ಬೆಳಕು ಕಡಿಮೆ, ಆದರೂ ನಡುವಿನ ಹಲಗೆ ಕಾಣುತ್ತದೆ.

ಜಯತೀರ್ಥ


ಕಮಲಾಪುರ
೩ ಸೆಪ್ಟೆಂಬರ್ ೨೦೦೧

ಜಯತೀರ್ಥ,

ನಿನ್ನೆ ನಾನು ನಿಮ್ಮ ಮನೆಗೆ ಹೋಗಿದ್ದೆ. ತಾಯಿಯವರು ನಿನಗೆ ಎಷ್ಟು ಹೇಳಿದ್ದಾರೋ ಗೊತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬುರ್ಹಾನುದ್ದೀನ್ ಸಾಹೇಬರು ಅಂಗಡಿ ಮುಚ್ಚುತ್ತಿದ್ದಾರೆ. ಕೊನೆಯ ಸಲ ಮಾತಾಡಿ ಬರೋಣ ಎಂದು ಹೋದೆ. ಕಪಾಟಿನ ಮಾತು ಬಂತು. "ಅರೇ, ನೀವು ಇನ್ನೂ ನೋಡೇ ಇಲ್ಲಾ? ನಾನು ಮೂರ್ನಾಕು ಸಲ ಹೋಗಿ ಬಂದೀನಿ. ಅಮ್ಮಾಜಿ ಚಾ ಕೊಟ್ಟಾರ, ಪಡಸಾಲಿ ಒಳಗ ಕುರ್ಚಿ ಮ್ಯಾಲ ಕೂತು ಕುಡದೀನಿ" ಎಂದರು. ನನ್ನ ಮುಖ ನೋಡಿ ಅವರು ಮಾತು ಬದಲಿಸಿದರು. ಹದಿನಾಲ್ಕು ವರ್ಷ ತಾಯಿಯ ಮಡಿ ಎಂದು ನಂಬಿದ್ದೆನಲ್ಲ, ಆ ಮಡಿ ಸಾಹೇಬರಿಗೆ ಅಡ್ಡಿಯಾಗಿರಲಿಲ್ಲ.

ಅಲ್ಲಿಂದ ನೇರವಾಗಿ ಬ್ರಹ್ಮಪುರಕ್ಕೆ ನಡೆದೆ. ನೀನು ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದವರು ತಾಯಿ. ಕಮಲಾಪುರದ ಸೂರ್ಯಕಾಂತ ಎಂದು ಹೇಳುತ್ತಿದ್ದಂತೆ ಅವರ ಮುಖ ಅರಳಿತು.

"ಅಯ್ಯ, ಕುಲಕರ್ಣಿ ಮಾಸ್ತರ ಅಲ್ಲೇನು! ಬರ್ರಿ, ಒಳಗ ಬರ್ರಿ. ಎಷ್ಟು ವರ್ಷದಿಂದ ಇವಗ ಹೇಳಲಿಕ್ಕೆ ಹತ್ತೇನಿ, ನಿನ್ನ ಗೆಳೆಯನ್ನ ಒಂದು ದಿನ ಊಟಕ್ಕ ಕರಕೊಂಡು ಬಾ ಅಂತ. ಅವರಿಗೆ ಪುರುಸೊತ್ತಿಲ್ಲ, ಅಂತಾನ. ಪಂಚಮಿ ಉಂಡಿ ಮುಟ್ಟತಿದ್ವೋ ಇಲ್ಲೋ?"

ಮುಟ್ಟುತ್ತಿದ್ದವು ಎಂದೆ. ಅವರು ಗೋಡೆ ಹಿಡಿದು ನಡೆಯುತ್ತ ನನ್ನನ್ನು ನಡುಮನೆಗೆ ಕರೆದುಕೊಂಡು ಹೋದರು. ಕಪಾಟಿನ ಮುಂದೆ ಮಣೆ ಹಾಕಿ, "ಮೊದಲು ಕೈಕಾಲು ತೊಳಕೊಳ್ರಿ, ಅವಲಕ್ಕಿ ಹಚ್ಚತೀನಿ" ಎಂದರು.

ಜಯತೀರ್ಥ, ನಾನು ಸುಮ್ಮನೆ ಕೂತು ತಿನ್ನಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತ್ತು ಕೂಡ. ಆದರೆ ನನ್ನ ಗೊಂಬೆಗಳು ನನ್ನ ಎದುರಿಗೇ ಇದ್ದವು. ಅವುಗಳ ಮುಂದೆ ಬೇರೆಯವನಾಗಿ ಕೂಡಲು ಮನಸ್ಸಾಗಲಿಲ್ಲ.

"ಅಮ್ಮಾ, ನಾವು ಕುಲಕರ್ಣಿ ಅಲ್ರೀ" ಎಂದೆ. ಯಾರು ಎಂಬುದನ್ನೂ, ಅವರ ಮಡಿಯ ಹೆಸರಿನಲ್ಲಿ ನೀನು ನನ್ನನ್ನು ಬರಬೇಡವೆಂದದ್ದನ್ನೂ ಹೇಳಿದೆ.

ಅವರು ಗೋಡೆಗೆ ಆತು ನಿಂತರು. ನಾನು ಚಪ್ಪಲಿಯ ಕಡೆ ಹೊರಟೆ. ಆಗ ಅವರು ಅಂದದ್ದು ಇಷ್ಟು: "ನಿಂದರ್ರಿ. ಆಗ ಹೇಳಿದ್ರ ನಾನ ಬ್ಯಾಡ ಅಂತಿದ್ದೆನೋ ಏನೋ, ನನಗೂ ಗೊತ್ತಿಲ್ಲ. ಅನ್ನಲಿಕ್ಕಾದ್ರೂ ನನ್ನ ಕೇಳಬೇಕಿತ್ತಲ್ಲ. ನನ್ನ ಹೆಸರು ಹೇಳಿ ತಾನ ಬ್ಯಾಡ ಅಂದಾನ."

ಆಮೇಲೆ ಅವಲಕ್ಕಿ ತಂದರು. ತಟ್ಟೆಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲಕ್ಕೆ ಇಟ್ಟರು. ಆದರೆ ನಾನು ತಿಂದು ಮುಗಿಸುವ ತನಕ ಎದುರಿಗೆ ಕೂತಿದ್ದರು. ತಟ್ಟೆ ತೊಳೆಯಲು ಎದ್ದಾಗ ಬೇಡ ಎಂದು ತಾವೇ ಎತ್ತಿಕೊಂಡರು. ನಿನ್ನ ತಾಯಿಯ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೇ.

ಕಪಾಟು ಚೆನ್ನಾಗಿದೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನಡುವಿನ ಹಲಗೆಯ ಒಂದು ಗೊಂಬೆಯ ಮೇಲೂ ಧೂಳಿರಲಿಲ್ಲ. ನೀನು ಎಷ್ಟು ಜೋಪಾನ ಮಾಡಿದ್ದೀ ಎಂದು ಕಂಡಿತು. ಅದಕ್ಕೇ ನನಗೆ ಹೆಚ್ಚು ಸಂಕಟ.

ನಮ್ಮ ಮನೆಗೆ ನೀನು ಬಂದ ದಿನ ಏಕಾದಶಿಯಾಗಿರಲಿಲ್ಲ. ಅದಕ್ಕಿನ್ನೂ ವಾರವಿತ್ತು. ನಮ್ಮ ಮನೆಯ ಗೋಡೆಗೂ ಕ್ಯಾಲೆಂಡರ್ ಇದೆ. ಪುತಳಾ ಅಂದೇ ನೋಡಿದ್ದಳು. ನಾನು ಅವಳ ಬಾಯಿ ಮುಚ್ಚಿಸಿದ್ದೆ.

ನನ್ನ ಗೊಂಬೆಗಳನ್ನು ಈಗಲೇ ಒಯ್ಯಿರಿ ಎಂದು ತಾಯಿ ಹೇಳಿದರು. ನಾನು ತರಲಿಲ್ಲ. ಅವನ್ನು ನೀನೇ ತಂದುಕೊಡಬೇಕು, ನಮ್ಮ ಮನೆಗೆ.

ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೨೦ ಸೆಪ್ಟೆಂಬರ್ ೨೦೦೧

ಸೂರ್ಯಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಡಬ್ಬ ಬಂದ ದಿನ ತಾಯಿ ಯಾರವು ಎಂದಳು, ಗೆಳೆಯನವು ಎಂದೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. "ಯಾವ ಪೈಕಿ?" ಎಂದು ಕೇಳಿದಳು. ಬಾಯಿಗೆ ಬಂದದ್ದು ಕುಲಕರ್ಣಿ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರುದಿನ ಆಗಲಿಲ್ಲ, ಮರುವರ್ಷ ಆಗಲಿಲ್ಲ. ಅವಳು ಉಂಡಿ ಕೊಟ್ಟಾಗೊಮ್ಮೆ ಅದು ಗಟ್ಟಿಯಾಗುತ್ತ ಹೋಯಿತು. ನೀನು ಬಂದರೆ ನನ್ನ ಸುಳ್ಳು ಬೀಳುತ್ತಿತ್ತು. ಅದಕ್ಕೆ ನಿನಗೂ ಒಂದು ಹೇಳಿದೆ. ನಿನ್ನ ಮನೆಯಲ್ಲಿ ಉಣ್ಣದೆ ಬಂದದ್ದಕ್ಕೆ ಮಾತ್ರ ನನ್ನ ಹತ್ತಿರ ಕಾರಣವಿಲ್ಲ. ತಟ್ಟೆ ಮುಂದೆ ಬಂತು, ಕೈ ಏಳಲಿಲ್ಲ.

ತಾಯಿ ನನ್ನೊಡನೆ ಮಾತಾಡುವುದಿಲ್ಲ. ಕೇಳಿದರೆ ಹೂಂ ಅಥವಾ ಊಹೂಂ. ಒಮ್ಮೆ ಮಾತ್ರ ತಾನಾಗಿ ಕೇಳಿದಳು, ಮಾಸ್ತರರಿಗೆ ಮಕ್ಕಳೆಷ್ಟು ಎಂದು. ಇಷ್ಟು ವರ್ಷದ ಗೆಳೆತನದಲ್ಲಿ ನನಗದು ಸರಿಯಾಗಿ ಗೊತ್ತಿರಲಿಲ್ಲ.

ನನಗೆ ಬಿ.ಪಿ. ಹೆಚ್ಚಾಗಿದೆ, ಪ್ರಯಾಣ ಬೇಡ ಎಂದಿದ್ದಾರೆ. ನಿನ್ನವನ್ನೆಲ್ಲ ಹತ್ತಿಯಲ್ಲಿ ಸುತ್ತಿ ಎರಡು ಡಬ್ಬದಲ್ಲಿ ಗುರುವಾರದ ಬಸ್ಸಿಗೆ ಹಾಕಿದ್ದೇನೆ. ಕಂಡಕ್ಟರ್ ಗುರುತಿನವನು.

ಕ್ಷಮಿಸು ಎಂದು ಬರೆಯಲು ಧೈರ್ಯ ಸಾಲದು.

ಜಯತೀರ್ಥ


ಕಮಲಾಪುರ
೨೫ ನವೆಂಬರ್ ೨೦೦೧

ಶ್ರೀ ಜಯತೀರ್ಥ ಅವರಿಗೆ,

ಡಬ್ಬಗಳು ಮುಟ್ಟಿದವು. ಕಂಡಕ್ಟರ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಸರು ಕೂಗಿ ಇಳಿಸಿ ಹೋದ. ಯಾವುದೂ ಮುರಿದಿಲ್ಲ. ನೀವು ಚೆನ್ನಾಗಿ ಸುತ್ತಿದ್ದಿರಿ.

ಈಗ ನಮ್ಮ ಮನೆಗೆ ಸಿಮೆಂಟಿನ ಮಾಳಿಗೆ ಇದೆ, ಗೋಡೆಯಲ್ಲಿ ಜಾಗವೂ ಇದೆ. ಆದರೂ ಮನೆಯಲ್ಲಿ ಇಡಲಿಲ್ಲ. ಶಾಲೆಯಲ್ಲಿ ನನ್ನ ತರಗತಿಯ ಕಿಟಕಿ ರಸ್ತೆಯ ಕಡೆಗಿದೆ. ಅದರ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೇನೆ. ಗಾಜಿಲ್ಲ, ಬೀಗವಿಲ್ಲ. ಲೆಕ್ಕ ಮುಗಿಸಿದವರು ಎತ್ತಿಕೊಂಡು ಆಡುತ್ತಾರೆ. ಬೆಳ್ಳಿ ಮುಖದವನ ಬೆಳ್ಳಿ ಆಗಲೇ ಅರ್ಧ ಹೋಗಿದೆ. ನಿಮಗೆ ನೋಡಲು ಕಷ್ಟವಾದೀತು. ನನಗೂ ಮೊದಲು ಆಯಿತು. ಶೇವಂತಾ ಎಂಬ ಹುಡುಗಿ ಎಲ್ಲವಕ್ಕೂ ಹೊಸ ಹೆಸರಿಟ್ಟಿದ್ದಾಳೆ. ನಾವಿಟ್ಟವನ್ನು ನಾನು ಅವಳಿಗೆ ಹೇಳಲಿಲ್ಲ.

ಶನಿವಾರ ಬೆಳಗಿನ ಶಾಲೆ. ಆರೋಗ್ಯ ಸುಧಾರಿಸಿದ್ದರೆ ಡಿಸೆಂಬರ್ ಎಂಟರಂದು ಬಂದು ನೋಡಿ. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗೋಣ. ಪುತಳಾಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳು ಒಪ್ಪಲು ವಾರ ಹಿಡಿಯಿತು.

ಸೂರ್ಯಕಾಂತ


ಬ್ರಹ್ಮಪುರ, ಕಲಬುರ್ಗಿ
೧೦ ಡಿಸೆಂಬರ್ ೨೦೦೧

ಸೂರ್ಯಾ,

ಶನಿವಾರ ಹೊರಟು ನಿಂತಿದ್ದೆ. ಬೆಳಿಗ್ಗೆ ತಾಯಿಗೆ ಜ್ವರ ಬಂತು. ಡಾಕ್ಟರರನ್ನು ಕರೆತಂದು ಇಡೀ ದಿನ ಅವಳ ಹತ್ತಿರ ಕೂತಿದ್ದೆ. ಬರಲಾಗಲಿಲ್ಲ. ಕಪಾಟಿನ ನಡುವಿನ ಹಲಗೆಯಲ್ಲಿ ಏನನ್ನೂ ಇಟ್ಟಿಲ್ಲ. ಸಂಕ್ರಾಂತಿ ಮುಗಿದ ಮೇಲೆ ನೋಡೋಣ.

ತಂಗಿ ಪುತಳಾಬಾಯಿಗೆ ತಿಳಿಸು.

ಜಯತೀರ್ಥ


ಕಮಲಾಪುರ
೧೮ ಡಿಸೆಂಬರ್ ೨೦೦೧

ಶ್ರೀ ಜಯತೀರ್ಥ ಅವರಿಗೆ,

ತಾಯಿಯವರು ಆರೋಗ್ಯವಾಗಿದ್ದಾರೆ ಎಂದು ನಂಬಿದ್ದೇನೆ.

ಶನಿವಾರ ಪುತಳಾ ಕಾಯಿಪಲ್ಯ ತರಲು ಹೋದಾಗ ನಿಮ್ಮನ್ನು ಕಂಡಳು. ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಛತ್ರಿ ಹಿಡಿದು ನಿಂತಿದ್ದಿರಂತೆ, ಕಿಟಕಿಯ ಕಡೆ ನೋಡುತ್ತ. ಮರಳಿ ಬರುವಾಗಲೂ ಅಲ್ಲೇ ಇದ್ದಿರಂತೆ. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದಾಗ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿರಂತೆ. ನಾನು ಮನೆಗೆ ಬಂದಾಗ ಅವಳು, "ನಾ ಕೂಗಬೇಕಿತ್ತೇನ್ರೀ?" ಎಂದು ಕೇಳಿದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮೂವರಿಗೆ ಇಟ್ಟಿದ್ದಳು.

ನನಗೆ ಸಿಟ್ಟಿಲ್ಲ. ಸಿಟ್ಟು ಮಾಡುವ ಶಕ್ತಿ ಉಳಿದಿಲ್ಲ ಎಂದರೂ ಆದೀತು. ನಿಮ್ಮ ಏಕಾದಶಿಯ ಕಾಗದಕ್ಕೆ ನಾನೂ "ಏನೂ ಬೇಸರವಿಲ್ಲ" ಎಂದು ಬರೆದಿದ್ದೆ, ಬೇಸರ ಬೆಟ್ಟದಷ್ಟಿತ್ತು. ಕಾಗದದ ಮೇಲೆ ನಮ್ಮಿಬ್ಬರಿಗೂ ಸುಳ್ಳು ಸಲೀಸಾಗಿ ಬರುತ್ತದೆ. ಆದ್ದರಿಂದ ಇನ್ನು ಕಾಗದ ಬರೆಯಬೇಡಿ. ನಾನೂ ಬರೆಯುವುದಿಲ್ಲ.

ಏಪ್ರಿಲ್ ತನಕ ಶನಿವಾರ ಬೆಳಗಿನ ಶಾಲೆ ಇರುತ್ತದೆ. ಬಂದು ಆ ಮರದ ಕೆಳಗೇ ನಿಲ್ಲಿ, ಬೇಕಾದಷ್ಟು ಹೊತ್ತು ನಿಲ್ಲಿ. ಆಮೇಲೆ ರಸ್ತೆ ದಾಟಿ ಬನ್ನಿ.

ಸೂರ್ಯಕಾಂತ